ಕೊಸರಿಲ್ಲದೆ ಪ್ರವೇಶವಿಲ್ಲ

ನನ್ನ ಬಲಗೈ ತೋರುಬೆರಳಿಗೆ ಒಂದು ಕೆಟ್ಟ ಚಾಳಿಯಿದೆ. ಎದುರಿಗಿದ್ದವರ ಮಾತು ಹಿಡಿಸದಿದ್ದರೆ ಅದು ತಾನಾಗಿಯೇ ಮೇಲೆದ್ದು ನನ್ನ ತೊಡೆಯ ಮೇಲೆ ಟಕ್ಕೆಂದು ಬಡಿಯುತ್ತದೆ. ಮೊನ್ನೆ ಹಲಸೂರಿನ ಛತ್ರವೊಂದರಲ್ಲಿ ನೆಂಟರ ಮಗುವಿನ ನಾಮಕರಣವಿತ್ತು. ಊಟವಾದ ಮೇಲೆ ಹಿರಿಯರೊಬ್ಬರು ಮೈಕು ಹಿಡಿದರು. ಅಡುಗೆಯವರಿಗೆ ವಂದನೆ ಹೇಳಿ ಇಳಿದುಬಿಡುತ್ತಾರೆ ಅಂದುಕೊಂಡರೆ, ಅಲ್ಲಿಂದ ಮಕ್ಕಳ ಪಾಲನೆಗೆ ಹಾರಿ, ಅಲ್ಲಿಂದ ದೇಶದ ಭವಿಷ್ಯಕ್ಕೆ ಹೋದರು. ಬೆರಳು ಬಡಿಯತೊಡಗಿತು. ಪಕ್ಕದಲ್ಲಿ ಕೂತಿದ್ದ ಅಮ್ಮ ಅದನ್ನು ನೋಡಿ, "ಅವರನ್ನೂ ಡಿಲೀಟ್ ಮಾಡ್ತಿದೀಯೇನೇ?" ಎಂದು ಪಿಸುಗುಟ್ಟಿದಳು. ಮಾಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ನೀವು ನಗಬೇಡಿ. ಈ ಬೆರಳು ಒಂದು ಕಾಲದಲ್ಲಿ ಸಾವಿರಾರು ಜನರ ಮಾತನ್ನು ತಡೆದು ನಿಲ್ಲಿಸಿದೆ. ಹಾಗಂತ ನಾನು ಪತ್ರಿಕೆಯ ಸಂಪಾದಕಿಯೂ ಆಗಿರಲಿಲ್ಲ, ಪೊಲೀಸಿನವಳೂ ಆಗಿರಲಿಲ್ಲ. ಇಂದಿರಾನಗರದಲ್ಲಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು, ಫೋನು ಎತ್ತಿ, "ನಾಳೆ ಹತ್ತೂವರೆಗೆ ಬನ್ನಿ, ಅಲ್ಲೀತನಕ ಬಿಸಿ ತಗೋಬೇಡಿ" ಎಂದು ಹೇಳುವ ಕೆಲಸ ನನ್ನದು. ಮೇಜಿನ ಮೇಲೆ ಒಂದು ಕಂಪ್ಯೂಟರ್ ಇತ್ತು. ಡಾಕ್ಟರು ಒಳಗೆ ಹಲ್ಲು ಕೊರೆಯುತ್ತಿರುವಷ್ಟು ಹೊತ್ತು ಅದು ನನ್ನ ಸ್ವತ್ತು. ಎರಡು ಸಾವಿರದ ಇಸವಿಯ ಆಚೀಚಿನ ಮಾತು ಇದು. ಇಂಟರ್ನೆಟ್ ಬೇಕೆಂದರೆ ಜನ ಗಂಟೆಗಿಷ್ಟು ಎಂದು ಕೊಟ್ಟು ಸೈಬರ್ ಕೆಫೆಯ ಡಬ್ಬಿಯಂಥ ಗೂಡಿನಲ್ಲಿ ಕೂರುತ್ತಿದ್ದ ಕಾಲ.

ಶುರುವಾದದ್ದು ಅಮ್ಮನ ಸೀಮೆಎಣ್ಣೆ ಸ್ಟೌವಿನ ಬತ್ತಿಯಿಂದ. ಹಲಸೂರಿನ ಅಂಗಡಿಗಳಲ್ಲಿ ಆ ಅಳತೆಯ ಬತ್ತಿ ಬರುವುದು ನಿಂತುಹೋಗಿತ್ತು. ಪರಿಚಯದ ಹತ್ತಾರು ಜನಕ್ಕೆ ಒಂದು ಮೇಲ್ ಹಾಕಿದೆ: ಇಂಥ ಬತ್ತಿ ಎಲ್ಲಿ ಸಿಗುತ್ತೆ, ಗೊತ್ತಿದ್ದವರು ಹೇಳಿ. ಆ ಹತ್ತಾರು ಜನ ತಮ್ಮ ಪರಿಚಯದವರಿಗೆ ದಾಟಿಸಿದರು. ಸಂಜೆ ಹೊತ್ತಿಗೆ, ನನಗೆ ಯಾರೆಂದೇ ಗೊತ್ತಿಲ್ಲದ ನಸೀಮಾ ಎಂಬವಳಿಂದ ಉತ್ತರ ಬಂತು. "ಶಿವಾಜಿನಗರದಲ್ಲಿ ಮಸೀದಿ ಪಕ್ಕದ ಗಲ್ಲಿ, ವಾಚ್ ರಿಪೇರಿಯವನ ಎದುರು. ಕೆಂಪು ಗೀಟಿನ ಬತ್ತಿ ಕೇಳಿ. ಬಿಳಿ ಗೀಟಿನದು ಕೊಟ್ಟರೆ ತಗೋಬೇಡಿ, ಹೊಗೆ ಬಿಡುತ್ತೆ." ಹೋದೆ. ಅಂಗಡಿಯವನು ಬಿಳಿ ಗೀಟಿನದನ್ನೇ ಕೊಡಲು ಬಂದ. ನಾನು ಕೆಂಪು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗಿಂದ ತಂದುಕೊಟ್ಟ.

ಹೀಗೆ ಹುಟ್ಟಿದ್ದು 'ಎಲ್ಲಿ ಸಿಗುತ್ತೆ' ಎಂಬ ಇ-ಮೇಲ್ ಗುಂಪು. ಬೆಂಗಳೂರಿನ ಪೂರ್ವಭಾಗದಲ್ಲಿ ಯಾರಿಗೆ ಏನು ಬೇಕಾದರೂ ಇಲ್ಲಿ ಕೇಳಬಹುದು. ಕೇಳಿದ್ದು ಮೊದಲು ನನ್ನ ಹತ್ತಿರ ಬರುತ್ತದೆ, ನಾನು ಓದಿ ಬಿಟ್ಟರೆ ಎಲ್ಲರಿಗೂ ಹೋಗುತ್ತದೆ, ತಡೆದರೆ ಅಲ್ಲಿಗೇ ಮುಗಿಯಿತು. ನಸೀಮಾ ತನ್ನ ಅಣ್ಣನ ಝೆರಾಕ್ಸ್ ಅಂಗಡಿ ಮತ್ತು ಸೈಬರ್ ಕೆಫೆ ನೋಡಿಕೊಳ್ಳುತ್ತಿದ್ದಳು. ಅವಳನ್ನೂ ಈ ಕೆಲಸಕ್ಕೆ ಎಳೆದುಕೊಂಡೆ. ಇಬ್ಬರೂ ಮಾಡರೇಟರುಗಳಾದೆವು. ಆಗ ನಮಗೆ ಅದೊಂದು ದೊಡ್ಡ ಪದವಿಯಂತೆ ಕೇಳಿಸಿತು.

ಇಲ್ಲಿ ಸ್ವಲ್ಪ ರಸೆಲ್ ಮಾರುಕಟ್ಟೆಗೆ ಹೋಗಿ ಬರೋಣ, ಬೇಜಾರು ಮಾಡಿಕೊಳ್ಳಬೇಡಿ. ತೊಂಬತ್ತರ ದಶಕದ ಶುರುವಿನಲ್ಲಿ, ನಾನು ಲಂಗ ತೊಡುತ್ತಿದ್ದ ವಯಸ್ಸಿನಲ್ಲಿ, ಅಮ್ಮ ಭಾನುವಾರ ಬೆಳಗ್ಗೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಹೂವಿನ ಸಾಲು ದಾಟಿ, ಮೂಗು ಮುಚ್ಚಿಕೊಂಡು ಮೀನಿನ ಸಾಲು ದಾಟಿ, ಸೊಪ್ಪಿನವಳ ಹತ್ತಿರ ನಿಲ್ಲಬೇಕು. ಅಮ್ಮ ಚೌಕಾಸಿ ಮಾಡುತ್ತಿರಲಿಲ್ಲ. ಹೇಳಿದ ರೇಟು ಕೊಟ್ಟು, ಚೀಲದ ಬಾಯಿ ಮುಚ್ಚದೆ ಸುಮ್ಮನೆ ನಿಂತುಬಿಡುತ್ತಿದ್ದಳು. ಸೊಪ್ಪಿನವಳು ತಮಿಳಿನಲ್ಲಿ ಏನೋ ಗೊಣಗಿ, ಒಂದು ಹಿಡಿ ಕರಿಬೇವನ್ನು ಚೀಲಕ್ಕೆ ಎಸೆಯುವಳು. ಅದು ಕೊಸರು. ಅದಾದ ಮೇಲೆಯೇ ಚೀಲದ ಬಾಯಿ ಮುಚ್ಚುವುದು. ನನಗೆ ನಾಚಿಕೆಯಾಗಿ ಕಂಬದ ಹಿಂದೆ ಹೋಗಿ ನಿಲ್ಲುತ್ತಿದ್ದೆ. "ಭಿಕ್ಷೆ ಅಲ್ಲ ಕಣೇ ಅದು. ಕೊಸರು ಹಾಕ್ದೋಳ ಹತ್ರ ಮತ್ತೆ ಹೋಗ್ತೀವಿ, ಹಾಕ್ದೇ ಇದ್ದೋಳ ಹತ್ರ ಹೋಗಲ್ಲ. ಅಷ್ಟೇ ವ್ಯವಹಾರ" ಎನ್ನುತ್ತಿದ್ದಳು ಅಮ್ಮ.

ಗುಂಪು ನೂರಾರು ಜನರಾಗಿ ಬೆಳೆದಾಗ ಒಂದು ತೊಂದರೆ ಶುರುವಾಯಿತು. ಎಲ್ಲರೂ ಕೇಳುವವರೇ, ಹೇಳುವವರು ನಾಲ್ಕು ಜನ. ಆಗ ನಾನು ಅಮ್ಮನ ಚೀಲದ ನಿಯಮವನ್ನು ಅಲ್ಲಿಗೆ ತಂದೆ. ಏನಾದರೂ ಕೇಳಬೇಕಾದರೆ ಕೆಳಗೆ ಒಂದು ಕೊಸರು ಹಾಕಬೇಕು. ಯಾರೂ ಕೇಳದಿದ್ದ, ಆದರೆ ಯಾರಿಗಾದರೂ ಉಪಯೋಗಕ್ಕೆ ಬರುವ ಒಂದು ಮಾಹಿತಿ. ಕೊಸರಿಲ್ಲದ ಪತ್ರಕ್ಕೆ ಪ್ರವೇಶವಿಲ್ಲ. "ಕೆ.ಆರ್. ಪುರಂ ಹತ್ತಿರ ಇನ್ವರ್ಟರ್ ರಿಪೇರಿ ಮಾಡೋರು ಯಾರಿದ್ದಾರೆ? ಕೊಸರು: ಹಲಸೂರು ಕೆರೆ ಹತ್ತಿರದ ಪಾತ್ರೆ ಅಂಗಡೀಲಿ ಹಳೇ ಕುಕ್ಕರಿನ ಗ್ಯಾಸ್ಕೆಟ್ ಸಿಗುತ್ತೆ." ಇದು ಒಳ್ಳೆಯ ಪತ್ರ. ನಸೀಮಾಗೆ ಈ ನಿಯಮ ಬಹಳ ಇಷ್ಟವಾಯಿತು. ಅವಳ ಕೆಂಪು ಗೀಟೇ ಮೊದಲ ಕೊಸರು ಎಂದು ಅವಳ ವಾದ.

ನೀವು ನಂಬುವುದಿಲ್ಲ, ಜನ ಈ ಕೊಸರಿಗೋಸ್ಕರವೇ ಸೇರಿಕೊಳ್ಳತೊಡಗಿದರು. ಸಾವಿರವಾದರು, ಹತ್ತು ಸಾವಿರವಾದರು, ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಒಬ್ಬರು ಮಗಳಿಗೆ ಗಂಡು ಎಲ್ಲಿ ಸಿಗುತ್ತೆ ಎಂದು ಕೇಳಿ, "ಕೊಸರು: ಹುಡುಗಿಗೆ ಚಕ್ಕುಲಿ ಬರುತ್ತೆ" ಎಂದು ಬರೆದರು. ಇನ್ನೊಬ್ಬರು "ಕೊಸರು: ಪ್ರತಿದಿನ ನೀರು ಕುಡಿಯಿರಿ" ಎಂದರು. ಇದು ಬಾಡಿದ ಕರಿಬೇವು, ತಾಜಾ ತನ್ನಿ ಎಂದು ವಾಪಸ್ ಕಳಿಸಿದೆ. ಅವರು ನನ್ನನ್ನು ಸರ್ವಾಧಿಕಾರಿ ಎಂದು ಬೈದು ಎರಡು ಪುಟ ಬರೆದರು. ಅದಕ್ಕೂ ಕೊಸರಿರಲಿಲ್ಲ. ಅದನ್ನೂ ವಾಪಸ್ ಕಳಿಸಿದೆ.

ಹೊರಗಿನಿಂದ ನೋಡಿದವರಿಗೆ ತಮಾಷೆ. ಒಳಗಿದ್ದವರಿಗೆ ಗೊತ್ತು ಅದರ ಹೊರೆ. ಬೆಳಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆದು ಕಂಪ್ಯೂಟರ್ ಹಾಕಿದರೆ ಪತ್ರಗಳ ರಾಶಿ ಕೂತಿರುತ್ತಿತ್ತು. ದೇವರ ಪಟ ಕಳಿಸುವವರು, ಇದನ್ನು ಹತ್ತು ಜನಕ್ಕೆ ಕಳಿಸದಿದ್ದರೆ ಕೆಟ್ಟದಾಗುತ್ತದೆ ಎಂದು ಹೆದರಿಸುವವರು. ಮಟನ್ ಎಲ್ಲಿ ಚೆನ್ನಾಗಿರುತ್ತೆ ಎಂದು ಒಬ್ಬರು ಕೇಳಿದರೆ, ಇಂಥದ್ದನ್ನೆಲ್ಲ ನಮ್ಮ ಕಣ್ಣಿಗೆ ತೋರಿಸಬೇಡಿ ಎಂದು ನೂರು ಜನ. ಪ್ಲಮ್ ಕೇಕ್ ಯಾವ ಬೇಕರಿಯದು ಒಳ್ಳೆಯದು ಎಂಬ ಜಗಳ ಒಂದು ಇಡೀ ಡಿಸೆಂಬರ್ ನಡೆಯಿತು. ನಮ್ಮಿಬ್ಬರಿಗೂ ಯಾರೂ ಒಂದು ಪೈಸೆ ಕೊಡುತ್ತಿರಲಿಲ್ಲ. ಆದರೂ ಪತ್ರ ಅರ್ಧ ದಿನ ತಡವಾದರೆ ಕ್ಲಿನಿಕ್ಕಿಗೇ ಫೋನು. ಕೆನ್ನೆ ಊದಿಸಿಕೊಂಡ ಪೇಷಂಟು ಎದುರಿಗೆ ನಿಂತಿರುತ್ತಿದ್ದ. ನಾನು ಅವನಿಗೆ ಕೂರಲು ಕೈ ಮಾಡಿ, ಫೋನಿನಲ್ಲಿ ಪ್ಲಮ್ ಕೇಕಿನ ಸಮಾಧಾನ ಹೇಳುತ್ತಿದ್ದೆ.

"ಅಷ್ಟು ಜನರ ಉಸಾಬರಿ ನಿನಗ್ಯಾಕೆ? ಮೊದಲು ಒಬ್ಬನ್ನ ನೋಡ್ಕೊಂಡು ಮದುವೆ ಆಗು" ಎನ್ನುತ್ತಿದ್ದಳು ಅಮ್ಮ. ನನಗೆ ಹಟ. ಬಿಟ್ಟುಬಿಡು ಎಂದು ಯಾರು ಹೇಳಿದರೂ ಆ ದಿನ ಇನ್ನೊಂದು ಗಂಟೆ ಹೆಚ್ಚು ಕೂರುತ್ತಿದ್ದೆ. ಆ ಗುಂಪು ನನ್ನದು ಎಂಬ ಜಂಬ ನನಗಿತ್ತು. ಹಲಸೂರಿನ ಒಂದು ಸಣ್ಣ ಮನೆಯ ಹುಡುಗಿ ತಡೆದರೆ ಮ್ಯಾನೇಜರುಗಳ ಮಾತೂ ನಿಲ್ಲುತ್ತದೆ ಎಂಬುದು ಸಣ್ಣ ಜಂಬವಲ್ಲ.

ಇನ್ನು ಬಾಡಿಗೆ ಮನೆಗಳ ವಿಷಯಕ್ಕೆ ಬರುತ್ತೇನೆ. ಅದಕ್ಕೇ ಇಷ್ಟೆಲ್ಲ ಹೇಳಿದ್ದು.

ಹೊರಮಾವು, ಕಲ್ಯಾಣ ನಗರದ ಕಡೆ ಹೊಸ ಮನೆಗಳು ಏಳುತ್ತಿದ್ದಂತೆ ನಮ್ಮ ಗುಂಪಿನಲ್ಲಿ ಮಾಲೀಕರು ಹೆಚ್ಚಾದರು. ಮನೆ ಬಾಡಿಗೆಗಿದೆ, ಇಷ್ಟು ರೂಮು, ಬೋರ್‌ವೆಲ್ ನೀರು. ಕೆಳಗೆ ಕೊಸರು, ಕೊಸರಿನ ಮೇಲೆ ಒಂದು ಸಾಲು. ಸಸ್ಯಾಹಾರಿಗಳಿಗೆ ಮಾತ್ರ. ನಮ್ಮವರಿಗೆ ಆದ್ಯತೆ. ಸುಸಂಸ್ಕೃತ ಕುಟುಂಬಕ್ಕೆ. ಕೆಲವರು ನೇರವಾಗಿ, ಆದರೆ ಬಹಳ ವಿನಯದಿಂದ, "ಮುಸ್ಲಿಮರು ದಯವಿಟ್ಟು ಕ್ಷಮಿಸಿ" ಎಂದು ಬರೆಯುತ್ತಿದ್ದರು.

ಪತ್ರವನ್ನು ಯಾರು ಓದಿ ಬಿಟ್ಟರೋ ಅವರ ಹೆಸರು ಕೊನೆಯಲ್ಲಿ ಬರುವಂತೆ ನಾವು ಮಾಡಿಕೊಂಡಿದ್ದೆವು. ಒಂದು ದಿನ ಅಂಥ ಒಂದು ಪತ್ರ ಓದುತ್ತಿದ್ದೆ. ಮುಸ್ಲಿಮರು ದಯವಿಟ್ಟು ಕ್ಷಮಿಸಿ. ಕೊಸರು: ಕಲಬೆರಕೆ ಇಲ್ಲದ ಬೆಲ್ಲ ಇಂಥ ಕಡೆ ಸಿಗುತ್ತದೆ. ಅದರ ಕೆಳಗೆ, ಬಿಟ್ಟವರು: ನಸೀಮಾ. ಹಳೆಯ ಪತ್ರಗಳನ್ನು ತೆಗೆದು ನೋಡಿದೆ. ಅಂಥವು ಸುಮಾರು ಅವಳ ಹೆಸರಿನಲ್ಲೇ ಹೋಗಿದ್ದವು. ನಾನೂ ಕೆಲವನ್ನು ಬಿಟ್ಟಿದ್ದೆ. ನನಗೆ ಆ ಸಾಲು ಕಣ್ಣಿಗೇ ಬಿದ್ದಿರಲಿಲ್ಲ. ಅವಳಿಗೆ ಬೀಳದೆ ಇರುತ್ತದೆಯೇ?

ಫೋನು ಮಾಡಿದೆ. "ಇದನ್ನ ಯಾಕೆ ಬಿಟ್ಟೆ ನಸೀಮಾ?"

"ಕೊಸರು ಇತ್ತಲ್ಲ" ಅಂದಳು. "ಬೆಲ್ಲ ಒಳ್ಳೇದೇ, ನಾನೂ ತಂದೆ. ರೂಲ್ ಪ್ರಕಾರ ಸರಿ ಇತ್ತು, ಬಿಟ್ಟೆ."

ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಮೇಲಲ್ಲ, ಆ ರೂಲಿನ ಮೇಲೆ, ಅಂದರೆ ನನ್ನ ಮೇಲೆಯೇ. ಆಗ ನಸೀಮಾಳೇ ಮನೆ ಹುಡುಕುತ್ತಿದ್ದಳು. ಮದುವೆಯಾಗಿ ಫ್ರೇಜರ್ ಟೌನಿನ ಅತ್ತೆಮನೆಯಲ್ಲಿ ಮೂರು ಸೊಸೆಯರ ನಡುವೆ ಒಂದೇ ಅಡುಗೆಮನೆ. ಗಂಡ ಕಲ್ಯಾಣ ನಗರದಲ್ಲಿ ಕನ್ನಡಕದ ಅಂಗಡಿ ಹಾಕಿದ್ದ. ಅಂಗಡಿಗೆ ಹತ್ತಿರ ಎರಡು ರೂಮಿನ ಮನೆ, ತನ್ನದೇ ಒಂದು ಒಲೆ, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಆ ಒಂದು ಆಸೆ ಹೊತ್ತುಕೊಂಡು, ತನ್ನನ್ನು ಬೇಡ ಎನ್ನುವ ಪತ್ರಗಳನ್ನು ದಿನವೂ ತನ್ನ ಕೈಯಿಂದಲೇ ಊರಿಗೆಲ್ಲ ಹಂಚುತ್ತಿದ್ದಳು.

ಅವತ್ತೇ ಹೊಸ ನಿಯಮ ಮಾಡಿದೆ. ಬಾಡಿಗೆ ಪತ್ರಗಳಲ್ಲಿ ಇಂಥವರಿಗೆ ಮಾತ್ರ, ಇಂಥವರು ಬೇಡ ಎಂಬ ಸಾಲು ಬಂದರೆ ನಾವೇ ಅದನ್ನು ಕಿತ್ತುಹಾಕಿ ಮಿಕ್ಕದ್ದನ್ನು ಬಿಡುತ್ತೇವೆ. ಯಾರನ್ನೂ ಕೇಳಲಿಲ್ಲ, ನಸೀಮಾಳನ್ನೂ ಕೇಳಲಿಲ್ಲ. ಬಹಳ ದೊಡ್ಡ ಕೆಲಸ ಮಾಡಿದೆ ಎಂದು ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಸಿಹಿ ಹಂಚುವುದೊಂದು ಬಾಕಿ. ಹಲ್ಲಿನ ಕ್ಲಿನಿಕ್ಕಾದ್ದರಿಂದ ಹಂಚಲಿಲ್ಲ. ಮಾಲೀಕರು ಬೈದರು. ಬೈಯಲಿ ಎಂದು ಬಿಟ್ಟೆ. ಪತ್ರಗಳೆಲ್ಲ ಚೊಕ್ಕಟವಾದವು. ಓದಿದರೆ ಬೆಂಗಳೂರಿನಷ್ಟು ಒಳ್ಳೆಯ ಊರು ಇನ್ನೊಂದಿಲ್ಲ ಅನ್ನಿಸಬೇಕು.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಸೀಮಾ ನಮ್ಮ ಮನೆಗೆ ಬಂದಳು. ಮುಖವೆಲ್ಲ ಧೂಳು. ಅಮ್ಮ ನೀರು ಕೊಟ್ಟಳು. ಅವಳು ಗಟಗಟ ಕುಡಿದು, ಲೋಟ ಕೆಳಗಿಟ್ಟು, ನನ್ನ ಕಡೆ ತಿರುಗಿದಳು.

"ಆ ಸಾಲು ಕೀಳು ಅಂತ ನಾನು ಕೇಳಿದ್ನಾ ನಿನ್ನ?"

"ಯಾಕೆ, ಏನಾಯ್ತು?"

"ಸಾಲು ಇದ್ದಾಗ ಓದ್ತಿದ್ದೆ, ಸರಿ, ಇದು ನಮಗಲ್ಲ ಅಂತ ಬಿಟ್ಬಿಡ್ತಿದ್ದೆ. ಮನೇಲಿ ಕೂತೇ ಮುಗೀತಿತ್ತು. ಈಗ ಎಲ್ಲಾ ಮನೇನೂ ನಮ್ಮದೇ ಅನ್ನೋ ಹಂಗೆ ಕಾಣ್ಸುತ್ತೆ. ಫೋನ್ ಮಾಡಿದ್ರೆ ಬನ್ನಿ ಮೇಡಂ ಬನ್ನಿ ಅಂತಾರೆ. ಬಿಸಿಲಲ್ಲಿ ಆಟೋ ಮಾಡ್ಕೊಂಡು ಹೋಗ್ತೀನಿ. ಗೇಟಲ್ಲಿ ಹೆಸರು ಕೇಳ್ತಾರೆ. ಹೇಳಿದ ತಕ್ಷಣ, ಅಯ್ಯೋ ಈಗ ತಾನೇ ಹೋಗ್ಬಿಡ್ತು ಅಂತಾರೆ. ಇವತ್ತು ಒಂದು ಮನೇಲಿ ಹಂಗಂದ್ರು. ಪಕ್ಕದ ರೋಡಿನ ಕಾಯಿನ್ ಬೂತಿಂದ ನನ್ನ ಗಂಡ ಬೇರೆ ಹೆಸರು ಹೇಳಿ ಫೋನ್ ಮಾಡಿದ. ಖಾಲಿ ಇದೆ, ಸಂಜೆ ಬನ್ನಿ ಅಂದ್ರು. ಪಹಲೇ ಪತ್ರದಲ್ಲಿ ಬೇಡ ಅಂತಿದ್ರು ಗೀತಾ, ಈಗ ಮುಖದ ಮೇಲೆ ಅಂತಾರೆ. ನೀನು ಸಾಲು ಕಿತ್ತೆ, ಗೇಟ್ ಹಂಗೇ ಇದೆ."

ಉತ್ತರವಿಲ್ಲದಿದ್ದರೆ ನನಗೆ ಸಿಟ್ಟು ಬರುತ್ತದೆ. "ಹಾಗಾದ್ರೆ ಏನು, ವಾಪಸ್ ಆ ಸಾಲನ್ನ ಹಾಕೋಣ್ವಾ?" ಎಂದು ರೇಗಿದೆ.

"ನಕ್ಕೋ" ಅಂದಳು. ಬೇಡ ಎಂದು ಕಡ್ಡಿ ಮುರಿದಂತೆ ಹೇಳಬೇಕಾದಾಗ ಅವಳಿಗೆ ಮನೆಯ ದಖ್ಖನಿಯೇ ಬರುತ್ತಿತ್ತು. "ಹೋಗಿದ್ದೀನಲ್ಲ, ಹೋಗಿ ಬಂದಿದ್ದನ್ನ ಬರೀತೀನಿ. ಬಿಡ್ತೀಯೋ ಇಲ್ವೋ ನೋಡು."

ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಮಾಡರೇಟರ್ ತನ್ನ ಪತ್ರವನ್ನು ತಾನೇ ಬಿಟ್ಟುಕೊಳ್ಳುವಂತಿಲ್ಲ, ಇನ್ನೊಬ್ಬಳು ಓದಿ ಬಿಡಬೇಕು. ಸೋಮವಾರ ಬೆಳಗ್ಗೆ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಅವಳ ಪತ್ರ ಕಾದು ಕೂತಿತ್ತು. "ನನಗೆ ಕಲ್ಯಾಣ ನಗರದ ಹತ್ತಿರ ಎರಡು ರೂಮಿನ ಬಾಡಿಗೆ ಮನೆ ಎಲ್ಲಿ ಸಿಗುತ್ತೆ? ಕೊಸರು: ಎಲ್ಲಿ ಸಿಗಲ್ಲ ಅಂತ ಹೇಳುತ್ತೇನೆ." ಅದರ ಕೆಳಗೆ ಅವಳು ಹೋಗಿ ಬಂದ ಮನೆಗಳು. ಯಾರ ಹೆಸರೂ ಇಲ್ಲ, ಬೈಗುಳವಿಲ್ಲ. ಪಾರ್ಕಿನ ಎದುರು ಹಳದಿ ಗೇಟು: ಫೋನಿನಲ್ಲಿ ಖಾಲಿ, ಗೇಟಿನಲ್ಲಿ ಭರ್ತಿ, ಮತ್ತೆ ಫೋನಿನಲ್ಲಿ ಖಾಲಿ. ಹೊರಮಾವು, ಹಾಲಿನ ಬೂತಿನ ಪಕ್ಕ: ನೀವೇನೋ ಒಳ್ಳೆಯವರು, ಅಕ್ಕಪಕ್ಕದವರು ಒಪ್ಪುವುದಿಲ್ಲ ಎಂದರು. ಅಕ್ಕಪಕ್ಕದವರನ್ನು ಕೇಳಿದೆವು, ನಮ್ಮದೇನೂ ಇಲ್ಲ ಎಂದರು. ಇನ್ನೂ ಕೆಲವು ಮನೆಗಳು ಹೀಗೆಯೇ. ಕೊನೆಗೆ ಅವಳ ಪೂರ್ತಿ ಹೆಸರು.

ಇದನ್ನು ಬಿಟ್ಟರೆ ಗುಂಪು ಒಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದು. ಡಾಕ್ಟರು ಒಳಗೆ ಯಾರದೋ ದವಡೆ ಹಲ್ಲು ಕೀಳುತ್ತಿದ್ದರು, ಆ ಮನುಷ್ಯ ಕೂಗುತ್ತಿದ್ದ. ನಾನು ಪತ್ರವನ್ನು ಎರಡು ಸಲ ಓದಿದೆ. ಕೊಸರಿತ್ತು. ರೂಲ್ ಪ್ರಕಾರ ಸರಿಯಿತ್ತು. ಬಿಟ್ಟೆ.

ಆಮೇಲಿನ ವಾರವನ್ನು ಏನೆಂದು ಹೇಳಲಿ? ಮಾಲೀಕರ ಮನೆ, ಮಾಲೀಕರ ಇಷ್ಟ ಎಂದು ಕೆಲವರು. ಗುಂಪಿಗೆ ರಾಜಕೀಯ ತರಬೇಡಿ ಎಂದು ಕೆಲವರು. ಎಷ್ಟು ಚೆನ್ನಾಗಿ ಕುಕ್ಕರ್ ಗ್ಯಾಸ್ಕೆಟ್ ಬಗ್ಗೆ ಮಾತಾಡಿಕೊಂಡಿದ್ದೆವು, ಹಾಳು ಮಾಡಿದಿರಿ ಎಂದು ಒಬ್ಬರು ನಿಜವಾಗಿಯೂ ದುಃಖಪಟ್ಟು ಬರೆದರು. ಎಲ್ಲವನ್ನೂ ಬಿಟ್ಟೆ, ಕೊಸರು ಇದ್ದರೆ. ಅವುಗಳ ನಡುವೆ ಬೇರೆ ಥರದ ಪತ್ರಗಳೂ ಬರತೊಡಗಿದವು. ರಾಯಚೂರಿನಿಂದ ಬಂದು ಕೆ.ಆರ್. ಪುರಂನಲ್ಲಿ ಕಟ್ಟಡದ ಕೆಲಸ ಮಾಡುವವರ ಮಗಳೊಬ್ಬಳು, "ನಾವು ಹಿಂದೂಗಳೇ ಅದೀವ್ರಿ, ಕನ್ನಡದವರೇ ಅದೀವಿ. ನಮ್ಮ ಮಾತು ಕೇಳಿದ ಕೂಡ್ಲೆ ಮನ್ಯಾಗ ಮಂದಿ ಭಾಳ ಆಗ್ತೀರಿ ಅಂತ ಗೇಟ್ ಹಾಕಿದ್ರು" ಎಂದು ಬರೆದಳು. ಗಂಡನನ್ನು ಬಿಟ್ಟು ಒಬ್ಬಳೇ ಇರುವ ಟೀಚರೊಬ್ಬರು ಬರೆದರು. ಎಲ್ಲರೂ ತಾವು ಹೋಗಿಬಂದ ಗೇಟುಗಳನ್ನೇ ಕೊಸರು ಹಾಕಿದ್ದರು.

ಮುಂದಿನ ಭಾನುವಾರ ಬೆಳಗ್ಗೆ ನಸೀಮಾ ನಮ್ಮ ಮನೆಯಲ್ಲೇ ಇದ್ದಳು. ಅವತ್ತಿನ ಮನೆಗಳನ್ನು ನೋಡಿ ಬರಲು ನಾನೂ ಜೊತೆಗೆ ಹೊರಟಿದ್ದೆ. ಅಮ್ಮ ಇಬ್ಬರಿಗೂ ದೋಸೆ ಹುಯ್ಯುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹಿರಿಯರೊಬ್ಬರು. ಕ್ಲಿನಿಕ್ಕಿನಲ್ಲಿ ವಿಚಾರಿಸಿಕೊಂಡು ಬಂದಿದ್ದರು. ಕೈ ಮುಗಿದು ಒಳಗೆ ಬಂದು, ಚಪ್ಪಲಿ ಓರಣವಾಗಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತರು. ಅಮ್ಮ ಕಾಫಿ ಕೊಟ್ಟಳು. ಒಂದು ಗುಟುಕು ಕುಡಿದ ಮೇಲೆ ಹೇಳಿದರು, "ಆ ಹಳದಿ ಗೇಟು ನಮ್ಮನೇದಮ್ಮ."

ನಾನು ದೋಸೆ ತಟ್ಟೆಯನ್ನು ಪಕ್ಕಕ್ಕಿಟ್ಟೆ.

"ಹೆಸರು ಹಾಕಿಲ್ಲ, ಸರಿ. ಆದ್ರೆ ಪಾರ್ಕಿನ ಎದುರು ಹಳದಿ ಗೇಟು ಇನ್ನೊಂದಿಲ್ಲ. ವಾಕಿಂಗ್ ಹೋದ್ರೆ ಎಲ್ಲರೂ ನಗ್ತಾರೆ. ನಿಮ್ಮ ಗುಂಪಲ್ಲಿ ನಾನು ಮೊದಲಿಂದ ಇದ್ದೀನಿ. ಗುಂಪಿನ ಪುಟದಿಂದ ಒಂದೇ ಒಂದು ಪತ್ರ ತೆಗೆದುಬಿಡಿ, ಎಲ್ಲಾ ತಣ್ಣಗಾಗುತ್ತೆ." ಆಮೇಲೆ ನಸೀಮಾಳ ಕಡೆ ತಿರುಗಿ, "ನೀವಾದ್ರೂ ಹೇಳಿ ಮೇಡಂ ನಿಮ್ಮ ಫ್ರೆಂಡಿಗೆ. ಯಾರೋ ಕೋಪದಲ್ಲಿ ಏನೋ ಬರೆದರು ಅಂತ ಇಷ್ಟು ಜನರ ಗುಂಪು ಹಾಳಾಗ್ಬೇಕಾ?" ಎಂದರು.

"ಕೋಪದಲ್ಲಿ ಬರೀಲಿಲ್ಲ ಸರ್" ಅಂದಳು ನಸೀಮಾ. "ನಿಧಾನವಾಗಿ ಕೂತು ಬರೆದೆ."

ಅವರ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಅವಳ ಹತ್ತಿಸೀರೆ, ಜಡೆ, ಕೈಯಲ್ಲಿದ್ದ ದೋಸೆ ತಟ್ಟೆ, ಎಲ್ಲವನ್ನೂ ನೋಡಿದರು. "ನಿಮ್ಮನ್ನ ನೋಡಿದ್ರೆ ಗೊತ್ತೇ ಆಗಲ್ಲಮ್ಮ" ಅಂದರು. ಹೊಗಳಿಕೆ ಎಂದುಕೊಂಡೇ ಅಂದರು, ಪಾಪ.

"ಗೇಟಲ್ಲಿ ನಿಮ್ಮ ಮನೆಯವರಿಗೆ ಹೆಸರು ಹೇಳಿದ ತಕ್ಷಣ ಗೊತ್ತಾಯ್ತಲ್ಲ ಸರ್. ಬಾಡಿಗೆಗಿದೆ ಅನ್ನೋ ಬೋರ್ಡ್ ಇನ್ನೂ ಅಲ್ಲೇ ಇದೆ, ನಿನ್ನೆ ನೋಡ್ದೆ."

ಅವರ ಮುಖ ಕೆಂಪಾಯಿತು. ಸಿಟ್ಟೋ ಅವಮಾನವೋ, ಅವಳ ಮೇಲೆ ತೋರಿಸಲಾರದೆ ಅಮ್ಮನ ಕಡೆ ತಿರುಗಿದರು. "ಬರೆಯೋದು ಸುಲಭ ತಾಯಿ. ಬರೋವಾಗ ನೋಡ್ದೆ, ನಿಮ್ಮ ಮೇಲಿನ ರೂಮೂ ಖಾಲಿ ಇದೆ, ಬೀಗ ಹಾಕಿದೀರಿ. ನೀವು ಕೊಡ್ತೀರಾ ಇವರಿಗೆ? ಎದೆ ಮುಟ್ಟಿಕೊಂಡು ಹೇಳಿ."

ಮೇಲಿನ ರೂಮಿನಲ್ಲಿದ್ದವರು ಖಾಲಿ ಮಾಡಿ ತಿಂಗಳಾಗಿತ್ತು. ಆ ತಿಂಗಳೆಲ್ಲ ಅಮ್ಮನನ್ನು ಈ ಪ್ರಶ್ನೆ ಕೇಳಲು ನನಗೇ ಹೆದರಿಕೆ ಇತ್ತು. ಅವಳು ಏನು ಹೇಳುತ್ತಾಳೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಊರಿನವರಿಗೆಲ್ಲ ರೂಲ್ ಮಾಡಿದವಳು ಮನೆಯೊಳಗೆ ಬಾಯಿ ಬಿಟ್ಟಿರಲಿಲ್ಲ.

ಅಮ್ಮ ದೋಸೆಯನ್ನು ತಿರುವಿ ಹಾಕಿದಳು.

"ಬಾಡಿಗೆ ಟೈಮಿಗೆ ಸರಿಯಾಗಿ ಕೊಟ್ರೆ ಕೊಡ್ತೀನಪ್ಪ" ಅಂದಳು. "ಮೀನು ಹುರಿಯೋವಾಗ ಕಿಟಕಿ ತೆಗೀಬೇಕು, ಅಷ್ಟೆ. ನನಗೆ ಆ ವಾಸನೆ ಆಗಲ್ಲ. ಹೋದ ಬಾಡಿಗೆಯವರಿಗೂ ಅದನ್ನೇ ಹೇಳಿದ್ದೆ. ಏನಮ್ಮ ನಸೀಮಾ, ಬರ್ತೀಯಾ?"

ನಾನು ಕುಣಿಯುವುದೊಂದು ಬಾಕಿ. ಎಲ್ಲವೂ ಸುಖವಾಗಿ ಮುಗಿಯಿತು ಅಂದುಕೊಂಡೆ.

"ನಕ್ಕೋ ಆಂಟಿ" ಅಂದಳು ನಸೀಮಾ. ಎದ್ದು ಹೋಗಿ ಅಮ್ಮನ ಹೆಗಲ ಮೇಲೆ ಕೈ ಇಟ್ಟಳು. "ನೀವು ಕೇಳಿದ್ರಲ್ಲ, ಸಾಕು. ಆದ್ರೆ ನಮ್ಮ ಅಂಗಡಿ ಕಲ್ಯಾಣ ನಗರದಲ್ಲಿದೆ. ನನಗೆ ಅಲ್ಲೇ ಬೇಕು. ಯಾರೋ ಪುಣ್ಯಕ್ಕೆ ಕೊಟ್ಟ ಮನೆ ಬೇಡ, ಬಾಡಿಗೆ ಮನೆ ಬೇಕು. ಸರ್, ನಿಮ್ಮ ಹಳದಿ ಗೇಟಿನ ಮನೆ ಇವತ್ತು ತೋರಿಸ್ತೀರಾ?"

ಅವರು ಲೋಟ ಕೆಳಗಿಟ್ಟರು. ಚಪ್ಪಲಿ ಮೆಟ್ಟಿಕೊಳ್ಳುತ್ತ ನನಗೆ ಹೇಳಿದರು, "ಗುಂಪು ಉಳಿಯಲ್ಲಮ್ಮ."

"ಒಡೀಲಿ ಸರ್" ಅಂದೆ.

ಒಡೆಯಿತು. ಅವರೂ ಇನ್ನು ಕೆಲವರೂ ಸೇರಿ ಹೊಸ ಗುಂಪು ಕಟ್ಟಿದರು. ಅಲ್ಲಿ ಕೊಸರಿನ ಕಾಟವಿಲ್ಲ, ಏನು ಬೇಕಾದರೂ ಬರೆಯಬಹುದು. ನಮ್ಮ ಮುಕ್ಕಾಲು ಪಾಲು ಜನ ಅಲ್ಲಿಗೆ ಹೋದರು. ಅದು ನಮ್ಮದಕ್ಕಿಂತ ಎಷ್ಟೋ ದೊಡ್ಡದಾಯಿತು. ನಿನ್ನ ಹಟದಿಂದ ಕೈಯಾರೆ ಹಾಳು ಮಾಡಿಕೊಂಡೆ ಎಂದು ಈಗಲೂ ಕೆಲವರು ಹೇಳುತ್ತಾರೆ. ಹೇಳಲಿ. ನಾನು ಆ ಪತ್ರವನ್ನು ತೆಗೆಯಲಿಲ್ಲ. ಇವತ್ತು ಬಂದು ಕೇಳಿದರೂ ತೆಗೆಯುವುದಿಲ್ಲ. ಗುಂಪು ನಡೆಸುವವಳು ಯಾರನ್ನೂ ನೋಯಿಸಬಾರದು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಯಾರಾದರೊಬ್ಬರು ನೋಯುತ್ತಲೇ ಇರುತ್ತಾರೆ. ಅಲ್ಲಿಯವರೆಗೆ ನಸೀಮಾ ಸದ್ದಿಲ್ಲದೆ ನೋಯುತ್ತಿದ್ದಳು, ಅದಕ್ಕೇ ಗುಂಪು ತಣ್ಣಗಿತ್ತು.

ನಸೀಮಾಗೆ ಮನೆ ಸಿಕ್ಕಿತು, ಕಲ್ಯಾಣ ನಗರದಲ್ಲೇ, ಅಂಗಡಿಯಿಂದ ಎರಡು ರಸ್ತೆ ಆಚೆಗೆ. ಕೊಟ್ಟವರು ಅವಳ ಗಂಡನ ಹತ್ತಿರ ಕನ್ನಡಕ ಮಾಡಿಸಿಕೊಂಡ ಒಬ್ಬ ಅಜ್ಜಿ. ಆ ಅಜ್ಜಿಗೆ ಇಂಟರ್ನೆಟ್ ಎಂದರೆ ಏನೆಂದೇ ಗೊತ್ತಿರಲಿಲ್ಲ. ಹಾಗಾದರೆ ನಿಮ್ಮ ಗುಂಪಿನಿಂದ ಏನಾಯಿತು ಎಂದು ನೀವು ಕೇಳುತ್ತೀರಿ, ಕೇಳಿ. ನನ್ನ ಹತ್ತಿರ ಅದಕ್ಕೆ ಜಾಣ ಉತ್ತರವಿಲ್ಲ.

ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ನಂತರದ ಭಾನುವಾರ ಸಂಜೆ ಫೋನು ಮಾಡಿದಳು. ಇನ್ನೂ ನಾಲ್ಕು ಮನೆ ನೋಡಿ ಬಂದೆ, ಬರೆದು ಕಳಿಸುತ್ತೇನೆ, ಬಿಡು ಎಂದಳು. ನನಗೆ ತಲೆಬುಡ ಅರ್ಥವಾಗಲಿಲ್ಲ.

"ಮನೆ ಸಿಕ್ತಲ್ಲೇ, ಇನ್ಯಾಕೆ ಹೋಗ್ತೀಯ?"

"ಮೊದಲು ಮನೆ ಬೇಕಾಗಿತ್ತು ಗೀತಾ. ಅದಕ್ಕೆ ಗೇಟಲ್ಲಿ ಹೆಸರು ಹೇಳೋವಾಗ ಸಣ್ಣಗೆ ಹೇಳ್ತಿದ್ದೆ. ಈಗ ಮನೆ ಇದೆ. ಈಗ ಜೋರಾಗಿ ಹೇಳ್ತೀನಿ."